ಸಂಕಲನಕ್ಕೆ ಕೂರುವ ಮುನ್ನ: ಕನ್ನಡ ಕೂಟಗಳ ವಿಡಿಯೊ ಕೆಲಸಕ್ಕೊಂದು ಕೈಪಿಡಿ

ನವೆಂಬರ್ ಬಂತೆಂದರೆ ಶಿಕಾಗೊ ಸುತ್ತಿನ ನೇಪರ್‌ವಿಲ್, ಅರೋರಾ, ಶಾಂಬರ್ಗ್‌ಗಳಲ್ಲೂ ಡೆಟ್ರಾಯಿಟ್ ಸುತ್ತಿನ ಟ್ರಾಯ್, ನೋವೈ, ಕ್ಯಾಂಟನ್‌ಗಳಲ್ಲೂ ಕನ್ನಡಿಗರ ಮನೆಗಳಲ್ಲಿ ರಾಜ್ಯೋತ್ಸವದ ತಾಲೀಮು ಜೋರಾಗಿರುತ್ತದೆ. ಶಿಕಾಗೊದ ವಿದ್ಯಾರಣ್ಯ ಕನ್ನಡ ಕೂಟವಾಗಲಿ, ಮಿಷಿಗನ್‌ನ ಪಂಪ ಕನ್ನಡ ಕೂಟವಾಗಲಿ, ನಡೆಯುವುದು ಸ್ವಯಂಸೇವಕರ ದುಡಿಮೆಯಿಂದ. ಕಾರ್ಯಕ್ರಮ ಮುಗಿದ ಮೇಲೆ ಉಳಿದವರ ಕೆಲಸ ಮುಗಿಯುತ್ತದೆ, ವಿಡಿಯೊ ಹೊಣೆ ಹೊತ್ತವರದು ಶುರುವಾಗುತ್ತದೆ. ಅವರ ಮೇಜಿನ ಮೇಲೆ ಬಂದು ಬೀಳುವುದು ಒಂದು ಮಿರರ್‌ಲೆಸ್ ಕ್ಯಾಮೆರಾದ ಕಾರ್ಡು, ಯಾರದೋ ಹಳೆಯ ಹ್ಯಾಂಡಿಕ್ಯಾಮ್, ಐದಾರು ಫೋನುಗಳ ಕ್ಲಿಪ್ಪುಗಳು, ಸೌಂಡ್ ಮಿಕ್ಸರಿನ ರೆಕಾರ್ಡಿಂಗು, ಜೊತೆಗೆ ಬೆಂಗಳೂರಿನಿಂದ ವಾಟ್ಸ್‌ಆ್ಯಪ್‌ನಲ್ಲಿ ಬಂದ ಶುಭಾಶಯದ ವಿಡಿಯೊ.

ಇದೆಲ್ಲವನ್ನೂ ಎಡಿಟಿಂಗ್ ಸಾಫ್ಟ್‌ವೇರಿಗೆ ಸುರಿದು ಟೈಮ್‌ಲೈನಿಗೆ ಎಳೆದ ಕೂಡಲೇ ತೊಂದರೆಗಳು ತಲೆ ಎತ್ತುತ್ತವೆ. ಚಿತ್ರ ಮುಗ್ಗರಿಸುತ್ತದೆ. ಹಾಡು ಮುಗಿಯುವ ಹೊತ್ತಿಗೆ ತುಟಿ ಒಂದು ಕಡೆ, ದನಿ ಇನ್ನೊಂದು ಕಡೆ. ಒಂದು ಕ್ಯಾಮೆರಾದಲ್ಲಿ ಮುಖಗಳು ಬೆಳ್ಳಗೆ ಸುಟ್ಟಂತೆ ಕಾಣುತ್ತವೆ. ಇವುಗಳಲ್ಲಿ ಬಹುಪಾಲು ಸಾಫ್ಟ್‌ವೇರಿನ ದೋಷವಲ್ಲ, ದುಬಾರಿ ಕಂಪ್ಯೂಟರ್ ಕೊಂಡರೂ ಹೋಗುವುದಿಲ್ಲ. ಬೇರೆ ಬೇರೆ ಅಳತೆಯ ಫೂಟೇಜು ಹಾಗೆಹಾಗೆಯೇ ಒಳಗೆ ಬಂದದ್ದೇ ಕಾರಣ. ಮೊದಲ ಕಟ್ ಹಾಕುವ ಮುನ್ನ ಒಂದು ಸಂಜೆಯನ್ನು ಫೂಟೇಜನ್ನು ಅರಿಯಲು, ನಕಲು ಮಾಡಲು, ಸಮ ಮಾಡಲು ಮೀಸಲಿಟ್ಟರೆ ಆಮೇಲಿನ ವಾರಗಳು ಉಳಿಯುತ್ತವೆ.

ಚಿತ್ರೀಕರಣಕ್ಕೂ ಮೊದಲು ಒಂದು ಅಳತೆ

ಎಲ್ಲರೂ ಒಂದೇ ಅಳತೆಗೆ ಒಪ್ಪಿಕೊಳ್ಳುವುದರ ಬೆಲೆಯನ್ನು ಶಿಕಾಗೊ ನೂರು ವರ್ಷಗಳ ಹಿಂದೆಯೇ ತೋರಿಸಿಕೊಟ್ಟಿದೆ. ಡೊನಾಲ್ಡ್ ಬೆಲ್ ಮತ್ತು ಆಲ್ಬರ್ಟ್ ಹೊವೆಲ್ 1907ರಲ್ಲಿ ಇಲ್ಲಿ ಕಂಪನಿ ತೆರೆದಾಗ ಸಿನಿಮಾ ಫಿಲ್ಮಿನ ಅಗಲವೂ ಅಂಚಿನ ರಂಧ್ರಗಳೂ ತಯಾರಕರಿಂದ ತಯಾರಕರಿಗೆ ಬದಲಾಗುತ್ತಿದ್ದವು. ಅವರು ರಂಧ್ರ ಕೊರೆಯುವ ಯಂತ್ರ, ಕ್ಯಾಮೆರಾ, ಪ್ರಿಂಟರ್ ಎಲ್ಲವನ್ನೂ 35 ಮಿ.ಮೀ. ಫಿಲ್ಮಿಗೇ ಹೊಂದಿಸಿ ಮಾಡಿದರು. ಆ ಅಳತೆ ಜಗತ್ತಿನಲ್ಲಿ ನೆಲೆಗೊಳ್ಳಲು ಇದು ದೊಡ್ಡ ನೆರವಾಯಿತು. ಕೂಟದ ವಿಡಿಯೊ ತಂಡಕ್ಕೂ ಅಂಥದೇ ಒಂದು ತೀರ್ಮಾನ ಬೇಕು.

ಅಮೆರಿಕದಲ್ಲಿ ನಡೆಯುವ ಸಭಾಂಗಣದ ಕಾರ್ಯಕ್ರಮಕ್ಕೆ ಹೊಂದುವ ಅಳತೆ ಇದು: 1080ಪಿ, ಸೆಕೆಂಡಿಗೆ 29.97 ಫ್ರೇಮ್, ಸಾಮಾನ್ಯ ಬಣ್ಣ ಅಂದರೆ ಎಚ್‌ಡಿಆರ್ ಇಲ್ಲದ್ದು, ದನಿ 48 ಕಿಲೊಹರ್ಟ್ಸ್. ಚಿತ್ರೀಕರಿಸುವ ಎಲ್ಲರಿಗೂ ಇದನ್ನು ವಾರ ಮೊದಲೇ ಕಳುಹಿಸಿ. ಐಫೋನ್ ಇರುವವರಿಗೆ ಸೆಟ್ಟಿಂಗ್ಸ್‌ನ ಕ್ಯಾಮೆರಾ ವಿಭಾಗದಲ್ಲಿ 1080ಪಿ, 30 ಫ್ರೇಮ್ ಆರಿಸಲು, ಎಚ್‌ಡಿಆರ್ ವಿಡಿಯೊ ಆಫ್ ಮಾಡಲು, ಫಾರ್ಮ್ಯಾಟ್ಸ್‌ನಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಒತ್ತಲು ಹೇಳಿ. ಫೋನನ್ನು ಅಡ್ಡವಾಗಿ ಹಿಡಿಯಬೇಕೆಂದೂ ಬರೆದಿಡಿ.

ಗಡಿಯಾರವನ್ನು ಮರೆಯಬೇಡಿ. ಅಮೆರಿಕದಲ್ಲಿ ನವೆಂಬರಿನ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಅಂದರೆ ಸರಿಯಾಗಿ ರಾಜ್ಯೋತ್ಸವದ ದಿನಗಳಲ್ಲಿ. ಫೋನುಗಳು ತಾವೇ ಸರಿಹೊಂದುತ್ತವೆ, ಎಷ್ಟೋ ಕ್ಯಾಮೆರಾಗಳು ಹೊಂದುವುದಿಲ್ಲ. ಡೆಟ್ರಾಯಿಟ್ ಸಮಯ ಶಿಕಾಗೊಗಿಂತ ಒಂದು ಗಂಟೆ ಮುಂದೆ ಇರುವುದರಿಂದ, ಎರಡೂ ಊರಿನವರು ಸೇರಿ ಚಿತ್ರೀಕರಿಸಿದರೆ ಗೊಂದಲ ಇಮ್ಮಡಿ. ನೂರಾರು ಕ್ಲಿಪ್ಪುಗಳನ್ನು ವೇಳೆಯ ಪ್ರಕಾರ ಜೋಡಿಸುವಾಗ ಈ ಒಂದು ಗಂಟೆ ಇಡೀ ಕ್ರಮವನ್ನೇ ಕದಡುತ್ತದೆ. ಸಭಾಂಗಣಕ್ಕೆ ಕಾಲಿಟ್ಟ ಕೂಡಲೇ ಎಲ್ಲ ಕ್ಯಾಮೆರಾಗಳ ಗಡಿಯಾರವನ್ನು ಒಂದು ಫೋನಿಗೆ ಹೊಂದಿಸಿ.

ಕಾರ್ಡಿನಿಂದ ಡಿಸ್ಕಿಗೆ

ಕಾರ್ಡಿನಲ್ಲಿರುವ ಇಡೀ ಫೋಲ್ಡರನ್ನು ಇದ್ದ ಹಾಗೆಯೇ ನಕಲು ಮಾಡಿ. ಒಳಗಿನ ವಿಡಿಯೊ ಕಡತಗಳನ್ನು ಮಾತ್ರ ಹೆಕ್ಕಿಕೊಳ್ಳುವುದು ಸಾಮಾನ್ಯ ತಪ್ಪು. ಸೋನಿ ಮತ್ತು ಪ್ಯಾನಸೋನಿಕ್ 2006ರಲ್ಲಿ ತಂದ ಎವಿಸಿಎಚ್‌ಡಿ ಮಾದರಿಯ ಹ್ಯಾಂಡಿಕ್ಯಾಮ್‌ಗಳು ಈಗಲೂ ಅನೇಕ ಮನೆಗಳಲ್ಲಿವೆ. ಅವು ದೀರ್ಘ ಚಿತ್ರೀಕರಣವನ್ನು 2 ಅಥವಾ 4 ಜಿಬಿಯ ತುಂಡುಗಳಾಗಿ ಒಡೆದಿಡುತ್ತವೆ. ತುಂಡುಗಳು ಹೇಗೆ ಕೂಡಬೇಕೆಂಬ ಮಾಹಿತಿ ಇರುವುದು ಸುತ್ತಲಿನ ಚಿಕ್ಕ ಕಡತಗಳಲ್ಲಿ. ಎಂಟಿಎಸ್ ಕಡತಗಳನ್ನಷ್ಟೇ ತೆಗೆದುಕೊಂಡರೆ ಜೋಡಣೆಯ ಜಾಗದಲ್ಲಿ ದನಿ ಕ್ಷಣಕಾಲ ಕಡಿದುಹೋಗಬಹುದು. ಭರತನಾಟ್ಯದ ನಡುವೆ ಹಾಗಾದರೆ ತಾಳವೇ ತಪ್ಪಿದಂತೆ ಕೇಳುತ್ತದೆ. ಫೋಲ್ಡರ್ ಪೂರ್ತಿ ಇದ್ದರೆ ಪ್ರೀಮಿಯರ್ ಪ್ರೊದ ಮೀಡಿಯಾ ಬ್ರೌಸರ್ ಅಥವಾ ಫೈನಲ್ ಕಟ್ ಪ್ರೊದ ಇಂಪೋರ್ಟ್ ಕಿಟಕಿ ತುಂಡುಗಳನ್ನು ಒಂದೇ ಕ್ಲಿಪ್ಪಾಗಿ ಓದುತ್ತದೆ.

ಪ್ರತಿ ಕ್ಯಾಮೆರಾಕ್ಕೂ ಪ್ರತ್ಯೇಕ ಫೋಲ್ಡರ್ ಮಾಡಿ: ದಿನಾಂಕ, ಕಾರ್ಯಕ್ರಮ, ಕ್ಯಾಮೆರಾ ಸಂಖ್ಯೆ, ಕಾರ್ಡ್ ಸಂಖ್ಯೆ. ಎಷ್ಟೋ ಕ್ಯಾಮೆರಾಗಳು ಪ್ರತಿ ಕಾರ್ಡಿನಲ್ಲೂ ಅದೇ ಹೆಸರುಗಳಿಂದ ಎಣಿಕೆ ಶುರು ಮಾಡುತ್ತವೆ. ಎರಡು ಕಾರ್ಡುಗಳಲ್ಲಿ ಒಂದೇ ಹೆಸರಿನ ಕಡತ ಇದ್ದರೆ, ಮುಂದೆ ಡಿಸ್ಕ್ ಬದಲಾಗಿ ಮರುಜೋಡಣೆ ಮಾಡುವಾಗ ಸಾಫ್ಟ್‌ವೇರ್ ತಪ್ಪು ಕ್ಲಿಪ್ಪನ್ನು ಹಿಡಿಯುತ್ತದೆ. ಬಿಡಿ ಎಂಪಿ4 ಕಡತಗಳ ಹೆಸರು ಬದಲಿಸುವುದಿದ್ದರೆ ಇಂಪೋರ್ಟ್‌ಗೂ ಮೊದಲೇ ಬದಲಿಸಿ. ಎವಿಸಿಎಚ್‌ಡಿ ಫೋಲ್ಡರಿನ ಒಳಗಿನ ಹೆಸರುಗಳನ್ನು ಮಾತ್ರ ಮುಟ್ಟಬೇಡಿ. ಎರಡು ಬೇರೆ ಬೇರೆ ಡಿಸ್ಕುಗಳಿಗೆ ನಕಲು ಆಗಿ, ಎರಡನ್ನೂ ತೆರೆದು ನೋಡುವ ತನಕ ಯಾವ ಕಾರ್ಡನ್ನೂ ಫಾರ್ಮ್ಯಾಟ್ ಮಾಡಬಾರದು.

ಫೋನಿನವರಿಂದ ಕ್ಲಿಪ್ಪು ತರಿಸುವಾಗ ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಆಗಿ ಕಳುಹಿಸಬೇಡಿ ಎನ್ನಿ, ಅದು ಕುಗ್ಗಿ ಬರುತ್ತದೆ. ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಅಥವಾ ಗೂಗಲ್ ಡ್ರೈವ್ ಕೊಂಡಿ ಕೊಟ್ಟರೆ ಮೂಲ ಕಡತವೇ ಸಿಗುತ್ತದೆ.

ಎಂಪಿ4 ಎಂದಷ್ಟೇ ಗೊತ್ತಿದ್ದರೆ ಸಾಲದು

ಎಂಪಿ4, ಎಂಒವಿ, ಎಂಟಿಎಸ್ ಎಂಬುವು ಡಬ್ಬಿಗಳ ಹೆಸರು. ಒಳಗೆ ಸಾರಿನ ಪುಡಿ ಇದೆಯೋ ಚಟ್ನಿಪುಡಿ ಇದೆಯೋ ಎಂಬುದು ಮುಚ್ಚಳ ತೆರೆದರೆ ಮಾತ್ರ ತಿಳಿಯುತ್ತದೆ. ಒಳಗಿನ ವಿಡಿಯೊವನ್ನು ಯಾವ ಬಗೆಯಲ್ಲಿ ಕುಗ್ಗಿಸಿದ್ದಾರೆ ಎನ್ನುವುದು ಕೋಡೆಕ್. ಎಚ್.264, ಎಚ್‌ಇವಿಸಿ, ಪ್ರೋರೆಸ್, ಡಿವಿ ಇವೆಲ್ಲ ಕೋಡೆಕ್‌ಗಳು. ಒಂದು ಎಂಪಿ4 ಸರಾಗವಾಗಿ ಓಡಿ ಇನ್ನೊಂದು ಎಂಪಿ4 ತೆರೆಯದೇ ಹೋಗುವುದು ಇದೇ ಕಾರಣಕ್ಕೆ.

ಮೀಡಿಯಾಇನ್ಫೊ ಎಂಬ ಉಚಿತ ಉಪಕರಣದಲ್ಲಿ ಪ್ರತಿ ಕ್ಯಾಮೆರಾದ ಒಂದೊಂದು ಕ್ಲಿಪ್ಪನ್ನು ತೆರೆದು ಆರು ಸಂಗತಿ ಬರೆದುಕೊಳ್ಳಿ: ಕೋಡೆಕ್, ಚಿತ್ರದ ಅಳತೆ, ಫ್ರೇಮ್ ರೇಟು, ಅದು ಸ್ಥಿರವೋ ಬದಲಾಗುವುದೋ, ಬಣ್ಣದ ಬಗೆ, ದನಿಯ ಮಾದರಿ ದರ. ಈ ಒಂದು ಹಾಳೆ ಮುಂದಿನ ಎಲ್ಲ ತೊಂದರೆಗಳಿಗೂ ರೋಗನಿರ್ಣಯದ ಚೀಟಿ.

ಫ್ರೇಮ್ ರೇಟಿನ ಮೂರು ತೊಡಕುಗಳು

ಮೊದಲನೆಯದು 30 ಮತ್ತು 29.97ರ ನಡುವಿನದು. ಅಮೆರಿಕದ ಟಿವಿಗೆ 1953ರಲ್ಲಿ ಬಣ್ಣ ಬಂದಾಗ ಬಣ್ಣದ ಸಂಕೇತ ದನಿಯ ಸಂಕೇತಕ್ಕೆ ಅಡ್ಡಬರದಿರಲೆಂದು 30 ಫ್ರೇಮನ್ನು ಸಾವಿರದಲ್ಲಿ ಒಂದು ಪಾಲಿನಷ್ಟು ಇಳಿಸಿದರು. ಆ ನಿರ್ಧಾರದ ಫಲ ಇಂದಿನ ಕ್ಯಾಮೆರಾಗಳಲ್ಲೂ ಉಳಿದಿದೆ. 30 ಫ್ರೇಮಿನ ಕ್ಲಿಪ್ಪನ್ನು 29.97 ಎಂದು ತಪ್ಪಾಗಿ ಓದಿಸಿದರೆ ಒಂದು ಗಂಟೆಯ ನಾಟಕದಲ್ಲಿ ಚಿತ್ರ ದನಿಗಿಂತ 3.6 ಸೆಕೆಂಡು ಹಿಂದೆ ಬೀಳುತ್ತದೆ. ವೇಗ ಬದಲಿಸದೆ ಟೈಮ್‌ಲೈನಿಗೆ ಹಾಕಿದರೆ ಸುಮಾರು 33 ಸೆಕೆಂಡಿಗೆ ಒಂದು ಫ್ರೇಮ್ ಬಿಟ್ಟುಹೋಗುತ್ತದೆ ಅಷ್ಟೆ, ಅದು ಕಣ್ಣಿಗೆ ಬೀಳುವುದಿಲ್ಲ.

ಎರಡನೆಯದು ಫೋನುಗಳ ಬದಲಾಗುವ ಫ್ರೇಮ್ ರೇಟು. ಬೆಳಕು ಕಡಿಮೆಯಾದಾಗ ಅಥವಾ ಫೋನಿಗೆ ಕೆಲಸ ಹೆಚ್ಚಾದಾಗ ಅದು ಫ್ರೇಮುಗಳ ನಡುವಿನ ಅಂತರವನ್ನು ಹಿಗ್ಗಿಸಿ ಕುಗ್ಗಿಸುತ್ತದೆ. ಚಿಕ್ಕ ಕ್ಲಿಪ್ಪಿನಲ್ಲಿ ಏನೂ ತಿಳಿಯದು, ಇಪ್ಪತ್ತು ನಿಮಿಷದ ಭಾಷಣದಲ್ಲಿ ತುಟಿ ಮತ್ತು ದನಿ ಬೇರೆಯಾಗುತ್ತವೆ. ಇತ್ತೀಚಿನ ಸಾಫ್ಟ್‌ವೇರುಗಳು ಇದನ್ನು ತಕ್ಕಮಟ್ಟಿಗೆ ಸಂಭಾಳಿಸುತ್ತವೆ. ಆದರೂ ಉದ್ದನೆಯ ಕ್ಲಿಪ್ಪುಗಳನ್ನು ಶಟರ್ ಎನ್‌ಕೋಡರ್‌ನಂಥ ಉಚಿತ ಉಪಕರಣದಲ್ಲಿ ಸ್ಥಿರ 29.97 ಫ್ರೇಮಿನ ಪ್ರೋರೆಸ್ ಕಡತವಾಗಿ ಮಾಡಿಕೊಂಡೇ ಒಳತನ್ನಿ.

ಮೂರನೆಯದು ಕರ್ನಾಟಕದಿಂದ ಬರುವ 25 ಫ್ರೇಮಿನ ವಿಡಿಯೊ. ಭಾರತದ ಟಿವಿ ವ್ಯವಸ್ಥೆ 25 ಫ್ರೇಮಿನದಾದ್ದರಿಂದ ಅಲ್ಲಿನ ವೃತ್ತಿಪರ ಛಾಯಾಗ್ರಾಹಕರು ಹೆಚ್ಚಾಗಿ ಅದರಲ್ಲೇ ಚಿತ್ರೀಕರಿಸುತ್ತಾರೆ. ಅದನ್ನು 29.97 ಎಂದು ಓದಿಸಿದರೆ ವೇಗ ಶೇ 20ರಷ್ಟು ಹೆಚ್ಚಿ ಮಾತು ಓಡತೊಡಗುತ್ತದೆ, ಹಾಗೆ ಮಾಡಲೇಬೇಡಿ. ವೇಗ ಹಾಗೆಯೇ ಉಳಿಸಿ ಟೈಮ್‌ಲೈನಿಗೆ ಹಾಕಿದರೆ ಸೆಕೆಂಡಿಗೆ ಸುಮಾರು ಐದು ಫ್ರೇಮು ಮರುಕಳಿಸುತ್ತದೆ. ಕುಳಿತು ಮಾತನಾಡುವವರ ದೃಶ್ಯಕ್ಕೆ ಇದು ಸಾಕು. ಕ್ಯಾಮೆರಾ ಅಡ್ಡಡ್ಡ ಚಲಿಸುವ ದೃಶ್ಯವಿದ್ದರೆ, ನಡುವಿನ ಫ್ರೇಮುಗಳನ್ನು ಲೆಕ್ಕಹಾಕಿ ಮೂಡಿಸುವ ಆಪ್ಟಿಕಲ್ ಫ್ಲೋ ಆಯ್ಕೆಯನ್ನು ಪರೀಕ್ಷಿಸಿ.

ಡಾವಿಂಚಿ ರಿಸಾಲ್ವ್ ಬಳಸುವವರು ಒಂದು ಮಾತು ನೆನಪಿಡಬೇಕು. ಮೊದಲ ಕ್ಲಿಪ್ಪು ಮೀಡಿಯಾ ಪೂಲ್ ಸೇರುವ ಮುನ್ನವೇ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಟೈಮ್‌ಲೈನ್ ಫ್ರೇಮ್ ರೇಟ್ ಗೊತ್ತುಮಾಡಿ. ಆಮೇಲೆ ಪ್ರಾಜೆಕ್ಟಿನ ಆ ಸಂಖ್ಯೆ ಬದಲಾಗುವುದಿಲ್ಲ.

ದೀಪ ಮಿನುಗುವುದೇಕೆ?

ಅಮೆರಿಕದ ವಿದ್ಯುತ್ತು ಸೆಕೆಂಡಿಗೆ 60 ಆವರ್ತನದ್ದು, ಭಾರತದ್ದು 50. ಹೀಗಾಗಿ ಅನೇಕ ದೀಪಗಳು ಇಲ್ಲಿ ಸೆಕೆಂಡಿಗೆ 120 ಸಲ, ಅಲ್ಲಿ 100 ಸಲ ಏರಿಳಿಯುತ್ತವೆ. ಬೆಂಗಳೂರಿನಲ್ಲಿ ಕೊಂಡ ಕ್ಯಾಮೆರಾವನ್ನು 25 ಫ್ರೇಮು, 1/50 ಶಟರಿನಲ್ಲೇ ಇಟ್ಟು ಟ್ರಾಯ್‌ನ ಸಭಾಂಗಣದಲ್ಲಿ ಚಿತ್ರೀಕರಿಸಿದರೆ ಬೆಳಕು ಅಲೆಯಾಡುತ್ತದೆ ಅಥವಾ ಪಟ್ಟಿಗಳು ಹರಿಯುತ್ತವೆ. ಇದನ್ನು ಎಡಿಟಿಂಗ್‌ನಲ್ಲಿ ಪೂರ್ತಿ ತೆಗೆಯುವುದು ಬಹಳ ಕಷ್ಟ. ಇಲ್ಲಿ 1/60 ಅಥವಾ 1/120 ಶಟರ್ ಇಡಿ. ಊರಿನ ಮದುವೆಗೆ ಅಮೆರಿಕದ ಕ್ಯಾಮೆರಾ ಒಯ್ದರೆ, 30 ಫ್ರೇಮಿನಲ್ಲೇ ಚಿತ್ರೀಕರಿಸಿದರೂ ಶಟರ್ 1/50 ಅಥವಾ 1/100 ಇರಲಿ.

ಪ್ರಾಕ್ಸಿ ಎಂಬ ಹಗುರ ನಕಲು

ಎಚ್.264 ಮತ್ತು ಎಚ್‌ಇವಿಸಿ ಕೋಡೆಕ್‌ಗಳು ಜಾಗ ಉಳಿಸಲು ಒಂದು ಫ್ರೇಮನ್ನು ಪೂರ್ತಿ ಬರೆದು, ಅನಂತರದ ಹಲವು ಫ್ರೇಮುಗಳಲ್ಲಿ ಬದಲಾದದ್ದನ್ನಷ್ಟೇ ಬರೆಯುತ್ತವೆ. ನೋಡುವುದಕ್ಕೆ ಇದು ಚೆನ್ನ. ಎಡಿಟಿಂಗ್‌ನಲ್ಲಿ ನೀವು ಹಿಂದೆ ಮುಂದೆ ಜರುಗಿದಾಗಲೆಲ್ಲ ಕಂಪ್ಯೂಟರ್ ಒಂದು ಫ್ರೇಮ್ ತೋರಿಸಲು ಅದರ ನೆರೆಯ ಹತ್ತಾರು ಫ್ರೇಮುಗಳನ್ನು ಬಿಡಿಸಬೇಕಾಗುತ್ತದೆ. ಮೂರು ಕ್ಯಾಮೆರಾಗಳನ್ನು ಒಟ್ಟಿಗೆ ಓಡಿಸಿದರೆ ಲ್ಯಾಪ್‌ಟಾಪ್ ಸೋಲುತ್ತದೆ. ಆಪಲ್ 2007ರಲ್ಲಿ ತಂದ ಪ್ರೋರೆಸ್ ಮತ್ತು ಆ್ಯವಿಡ್‌ನ ಡಿಎನ್‌ಎಕ್ಸ್‌ಎಚ್‌ಆರ್ ಪ್ರತಿ ಫ್ರೇಮನ್ನೂ ಸ್ವತಂತ್ರವಾಗಿ ಇಡುತ್ತವೆ. ಕಡತ ದೊಡ್ಡದು, ಓಟ ಹಗುರ.

ಮೂಲ ಕಡತಗಳನ್ನು ಹಾಗೆಯೇ ಇಟ್ಟು ಪ್ರೋರೆಸ್ ಪ್ರಾಕ್ಸಿ ಅಥವಾ ಡಿಎನ್‌ಎಕ್ಸ್‌ಎಚ್‌ಆರ್ ಎಲ್‌ಬಿ ನಕಲುಗಳನ್ನು ಮಾಡಿಸಿಕೊಳ್ಳಿ. ಪ್ರೀಮಿಯರ್, ರಿಸಾಲ್ವ್, ಫೈನಲ್ ಕಟ್ ಮೂರರಲ್ಲೂ ಈ ಸೌಲಭ್ಯ ಇದೆ. ಕಟ್ಟಿಂಗ್ ಎಲ್ಲ ಪ್ರಾಕ್ಸಿಯಲ್ಲಿ, ಅಂತಿಮ ರೆಂಡರ್ ಮೂಲದಿಂದ. ಜಾಗದ ಲೆಕ್ಕ ಹೀಗಿದೆ: 1080ಪಿ, 29.97 ಫ್ರೇಮಿನ ಒಂದು ಗಂಟೆಗೆ ಪ್ರೋರೆಸ್ ಪ್ರಾಕ್ಸಿ ಸುಮಾರು 20 ಜಿಬಿ, ಪ್ರೋರೆಸ್ 422 ಸುಮಾರು 66 ಜಿಬಿ. ಮೂರು ಗಂಟೆಯ ಕಾರ್ಯಕ್ರಮವನ್ನು ಮೂರು ಕ್ಯಾಮೆರಾದಲ್ಲಿ ಹಿಡಿದಿದ್ದರೆ ಪ್ರಾಕ್ಸಿಗೆ 180 ಜಿಬಿ ಬೇಕು, ಎಲ್ಲವನ್ನೂ 422ಕ್ಕೆ ತಿರುಗಿಸಿದರೆ 600 ಜಿಬಿ ಸಮೀಪ. ಆದ್ದರಿಂದ 422ಕ್ಕೆ ತಿರುಗಿಸುವುದು ತೊಂದರೆ ಕೊಡುವ ಕ್ಲಿಪ್ಪುಗಳನ್ನು ಮಾತ್ರ.

ಮ್ಯಾಕ್ ಮತ್ತು ವಿಂಡೋಸ್ ನಡುವೆ ಡಿಸ್ಕ್ ಓಡಾಡುವುದಿದ್ದರೆ ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ. ವಿಂಡೋಸ್‌ನಲ್ಲಿ ಡಿಸ್ಕಿಗೆ ಕೊಟ್ಟ ಅಕ್ಷರ ಬದಲಾದರೂ ಸಾಕು, ಎಲ್ಲ ಕ್ಲಿಪ್ಪುಗಳೂ ಮೀಡಿಯಾ ಆಫ್‌ಲೈನ್ ಎಂದು ಕೆಂಪಾಗಬಹುದು. ಕಡತಗಳು ಎಲ್ಲೂ ಹೋಗಿರುವುದಿಲ್ಲ, ಫೋಲ್ಡರ್ ತೋರಿಸಿ ಮರುಜೋಡಿಸಿದರಾಯಿತು.

ದನಿ ಮತ್ತು ಬಣ್ಣ

ಮಿಕ್ಸರಿನಿಂದ ನೇರ ಬಂದ ರೆಕಾರ್ಡಿಂಗ್ ಸ್ಪಷ್ಟವಾಗಿರುತ್ತದೆ, ಆದರೆ ಅದೊಂದೇ ಸಾಲದು. ವೇದಿಕೆಯ ಮೈಕುಗಳು, ಶಿಕಾಗೊದಲ್ಲಿ 1925ರಲ್ಲಿ ಹುಟ್ಟಿದ ಶೂರ್ ಕಂಪನಿಯ ಎಸ್‌ಎಂ58ನಂಥವು, ಬಾಯಿಯ ಸಮೀಪದ ದನಿಯನ್ನು ಹಿಡಿಯಲೆಂದೇ ಮಾಡಿದವು. ಗೆಜ್ಜೆಯ ಸದ್ದು, ಸಭಿಕರ ನಗು, ಚಪ್ಪಾಳೆ ಅದರಲ್ಲಿ ಬರುವುದಿಲ್ಲ. ಸಭಾಂಗಣದ ನಡುವೆ ಇನ್ನೊಂದು ರೆಕಾರ್ಡರ್ ಇಟ್ಟು ಎರಡನ್ನೂ ಬೆರೆಸಿ. ಕ್ಯಾಮೆರಾದ ಮೈಕನ್ನು ಎಂದೂ ಆಫ್ ಮಾಡಬೇಡಿ. ದನಿಯ ಅಲೆಗಳನ್ನು ಹೋಲಿಸಿ ಕ್ಲಿಪ್ಪುಗಳನ್ನು ಸಾಲುಗೂಡಿಸಲು ಸಾಫ್ಟ್‌ವೇರಿಗೆ ಅದೇ ಆಧಾರ. ಎರಡು ಸಾಧನಗಳ ಗಡಿಯಾರ ಎಷ್ಟೇ ಚೆನ್ನಾಗಿದ್ದರೂ ಎರಡು ಗಂಟೆಯ ಯಕ್ಷಗಾನದಲ್ಲಿ ಕೆಲವು ಫ್ರೇಮುಗಳ ವ್ಯತ್ಯಾಸ ಬರಬಹುದು. ಪ್ರತಿ ದೃಶ್ಯದ ಆರಂಭದಲ್ಲಿ ದನಿಯನ್ನು ಕತ್ತರಿಸಿ ಮತ್ತೆ ಹೊಂದಿಸಿದರೆ ಸರಿಹೋಗುತ್ತದೆ.

ಬೆಳ್ಳಗೆ ಸುಟ್ಟಂತೆ ಕಾಣುವ ಮುಖಗಳಿಗೆ ಹೆಚ್ಚಾಗಿ ಕಾರಣ ಎಚ್‌ಡಿಆರ್. 2020ರ ಐಫೋನ್ 12ರಿಂದ ಈಚಿನ ಫೋನುಗಳು ಡಾಲ್ಬಿ ವಿಷನ್ ಎಚ್‌ಡಿಆರ್‌ನಲ್ಲಿ ಚಿತ್ರೀಕರಿಸಬಲ್ಲವು. ಸಾಮಾನ್ಯ ಬಣ್ಣದ ಟೈಮ್‌ಲೈನಿಗೆ ಅದನ್ನು ಹಾಗೆಯೇ ಹಾಕಿದರೆ ಬೆಳಕಿನ ಭಾಗಗಳು ಸಿಡಿಯುತ್ತವೆ. ಬಣ್ಣ ತಿದ್ದಲು ಹೊರಡುವ ಮೊದಲು ಕಲರ್ ಮ್ಯಾನೇಜ್‌ಮೆಂಟ್‌ನಲ್ಲಿ ಆ ಕ್ಲಿಪ್ಪಿನ ಮೂಲ ಬಗೆ ಎಚ್‌ಎಲ್‌ಜಿ ಎಂದು ತೋರಿಸಿ, ಹೊರಬರುವುದು ರೆಕ್.709 ಇರಲಿ. ರೇಷ್ಮೆ ಸೀರೆಯ ಜರಿ, ದೀಪದ ಜ್ವಾಲೆ ಆಗ ಮರಳಿ ಕಾಣುತ್ತವೆ.

ಪರದೆಯ ಮೇಲೆ ಕನ್ನಡ

ಕಲಾವಿದರ ಹೆಸರು ಹಾಕುವಾಗ ಒತ್ತಕ್ಷರ ಕಳಚಿ ಬಿದ್ದರೆ ಇಡೀ ವಿಡಿಯೊ ಕಳೆಗುಂದುತ್ತದೆ. ಪ್ರೀಮಿಯರ್ ಪ್ರೊದಲ್ಲಿ ಪ್ರೆಫರೆನ್ಸಸ್‌ನ ಗ್ರಾಫಿಕ್ಸ್ ವಿಭಾಗಕ್ಕೆ ಹೋಗಿ ಸೌತ್ ಏಷ್ಯನ್ ಆ್ಯಂಡ್ ಮಿಡಲ್ ಈಸ್ಟರ್ನ್ ಆಯ್ಕೆ ಮಾಡಿ, ನೋಟೊ ಸಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟ್ ಬಳಸಿ. ಬರಹ ಅಥವಾ ನುಡಿಯ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಆಹ್ವಾನ ಪತ್ರಿಕೆಯಿಂದ ಹೆಸರುಗಳನ್ನು ಎತ್ತಿಕೊಳ್ಳುವುದಾದರೆ ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಿ. ‘ರಾಜ್ಯೋತ್ಸವ’, ‘ಕಾರ್ಯಕ್ರಮ’, ‘ಶಾಸ್ತ್ರೀಯ’ ಎಂದು ಬರೆದು ನೋಡಿ, ಮೂರೂ ಸರಿಯಾಗಿ ಮೂಡಿದರೆ ಉಳಿದವೂ ಮೂಡುತ್ತವೆ. ಮೂಡದಿದ್ದರೆ ಇಂಕ್‌ಸ್ಕೇಪ್‌ನಲ್ಲಿ ಬರೆದು, ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರವಾಗಿ ತಂದು ಕೂರಿಸಿ. ಉಪಶೀರ್ಷಿಕೆಯ ಎಸ್‌ಆರ್‌ಟಿ ಕಡತವನ್ನು ಯುಟಿಎಫ್-8ರಲ್ಲೇ ಉಳಿಸಬೇಕು.

ಬೇಸ್‌ಮೆಂಟಿನಲ್ಲಿರುವ ಟೇಪುಗಳು

ಹೆಚ್ಚು ಅವಸರ ಇರುವುದು ಇಲ್ಲಿ. ವಾಣಿಜ್ಯ ಬಳಕೆಗೆ ಒದಗಿದ ಮೊದಲ ವಿಡಿಯೊ ಟೇಪ್ ರೆಕಾರ್ಡರನ್ನು ಆ್ಯಂಪೆಕ್ಸ್ ಕಂಪನಿ 1956ರ ಏಪ್ರಿಲ್‌ನಲ್ಲಿ ಜಗತ್ತಿಗೆ ತೋರಿಸಿದ್ದು ಶಿಕಾಗೊದಲ್ಲೇ, ಪ್ರಸಾರಕರ ಸಮ್ಮೇಳನದಲ್ಲಿ. ಆ ಟೇಪಿನ ಯುಗ ಈಗ ಮುಗಿದಿದೆ, ಓದುವ ಯಂತ್ರಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ ವಿಶ್ವ ಕನ್ನಡ ಸಮ್ಮೇಳನ 2002ರಲ್ಲಿ ಡೆಟ್ರಾಯಿಟ್‌ನಲ್ಲೂ 2008ರಲ್ಲಿ ಶಿಕಾಗೊದಲ್ಲೂ ನಡೆಯಿತು. ಆ ಕಾಲದಲ್ಲಿ ಜನರ ಕೈಯಲ್ಲಿದ್ದುದು ಹೆಚ್ಚಾಗಿ ಹೈ8, ಮಿನಿಡಿವಿ ಕ್ಯಾಮೆರಾಗಳು. ಅಂದು ಮನೆಯವರು ಹಿಡಿದ ಟೇಪುಗಳು ನಿಮ್ಮಲ್ಲಿದ್ದರೆ ಈ ವರ್ಷವೇ ಹೊರತೆಗೆಯಿರಿ.

ಮಿನಿಡಿವಿ ಟೇಪಿನಲ್ಲಿರುವುದು ಡಿಜಿಟಲ್ ಮಾಹಿತಿಯೇ. ಅದನ್ನು ಫೈರ್‌ವೈರ್ ತಂತಿಯಿಂದ ತೆಗೆದರೆ ಇದ್ದದ್ದು ಇದ್ದ ಹಾಗೆ ಬರುತ್ತದೆ, ಗಂಟೆಗೆ ಸುಮಾರು 13 ಜಿಬಿ. ಹಳದಿ, ಬಿಳಿ, ಕೆಂಪು ತಂತಿಯ ಅಗ್ಗದ ಯುಎಸ್‌ಬಿ ಉಪಕರಣದಿಂದ ತೆಗೆದರೆ ಗುಣಮಟ್ಟ ಕಳೆಯುತ್ತದೆ. ಆಪಲ್ 2025ರ ಮ್ಯಾಕ್‌ಒಎಸ್ ಟಾಹೋದಲ್ಲಿ ಫೈರ್‌ವೈರ್ ಬೆಂಬಲವನ್ನು ಕೈಬಿಟ್ಟಿದೆ. ಆದ್ದರಿಂದ ಯಾರ ಮನೆಯಲ್ಲಾದರೂ ಹಳೆಯ ಮ್ಯಾಕ್ ಇದ್ದರೆ ಎಸೆಯಬೇಡಿ, ಕೂಟಕ್ಕೆ ಕೊಡಿ.

ಊರಿನಲ್ಲಿ ಆದ ಮದುವೆಯ ವಿಎಚ್‌ಎಸ್ ಕ್ಯಾಸೆಟ್ಟಿಗೆ ಬೇರೆ ಎಚ್ಚರ ಬೇಕು. ಅದು ಪಾಲ್ ಮಾದರಿ: 625 ಗೆರೆ, 25 ಫ್ರೇಮು. ಅಮೆರಿಕದ ವಿಸಿಆರ್ ಎನ್‌ಟಿಎಸ್‌ಸಿ ಮಾದರಿ: 525 ಗೆರೆ, 29.97 ಫ್ರೇಮು. ಇಲ್ಲಿಯ ಯಂತ್ರದಲ್ಲಿ ಹಾಕಿದಾಗ ಚಿತ್ರ ಉರುಳಿದರೆ ಕ್ಯಾಸೆಟ್ ಕೆಟ್ಟಿದೆ ಎಂದುಕೊಳ್ಳಬೇಡಿ. ಎರಡೂ ಮಾದರಿ ಓದುವ ವಿಸಿಆರ್ ಹುಡುಕಿ. ಅಂಗಡಿಗೆ ಕೊಡುವುದಾದರೆ ಪಾಲ್ ಅನ್ನು ಪಾಲ್ ಆಗಿಯೇ, 720 ಅಡ್ಡ 576 ಅಳತೆ, 25 ಫ್ರೇಮಿನಲ್ಲೇ ತೆಗೆದುಕೊಡಿ ಎಂದು ಬರೆದುಕೊಡಿ. ಎನ್‌ಟಿಎಸ್‌ಸಿಗೆ ಬದಲಿಸಿದ ಡಿವಿಡಿ ಕೈಗೆ ಬಂದರೆ ಆ ನಷ್ಟವನ್ನು ಮತ್ತೆ ತುಂಬಲಾಗದು.

ಈ ಹಳೆಯ ವಿಡಿಯೊಗಳಲ್ಲಿ ಪ್ರತಿ ಫ್ರೇಮೂ ಸಮ ಮತ್ತು ಬೆಸ ಗೆರೆಗಳಾಗಿ ಎರಡು ಪಾಲಾಗಿರುತ್ತದೆ. ಇಂದಿನ ಪರದೆಯಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಕಾಣುವುದು ಅದಕ್ಕೇ. ಮೂಲವನ್ನು ಹಾಗೆಯೇ ಕಾಯ್ದಿಟ್ಟು, ನೋಡುವ ನಕಲನ್ನು ಮಾತ್ರ ಡೀಇಂಟರ್‌ಲೇಸ್ ಮಾಡಿ. ಅಮೆರಿಕದ ಟೇಪಿಗೆ 59.94, ಊರಿನ ಟೇಪಿಗೆ 50 ಫ್ರೇಮು ಆರಿಸಿದರೆ ಚಲನೆ ನಯವಾಗಿ ಉಳಿಯುತ್ತದೆ. 4:3 ಚಿತ್ರವನ್ನು ಅಗಲ ಪರದೆಗೆ ಎಳೆದು ಮುಖಗಳನ್ನು ಚಪ್ಪಟೆ ಮಾಡಬೇಡಿ, ಎರಡೂ ಬದಿ ಕಪ್ಪು ಇರಲಿ. ಟೇಪಿನ ಮೇಲೆ ಬಿಳಿ ಬೂಷ್ಟು ಕಂಡರೆ ಯಂತ್ರಕ್ಕೆ ಹಾಕದೆ ಪರಿಣತರಿಗೆ ಕೊಡಿ.

ಮನೆಯ ವಿಡಿಯೊಗಳಿಗೆ ಇಷ್ಟೆಲ್ಲ ಏಕೆ ಎನ್ನುವವರು ಶಿಕಾಗೊ ವಿಶ್ವವಿದ್ಯಾಲಯದ ಸೌತ್ ಸೈಡ್ ಹೋಮ್ ಮೂವಿ ಪ್ರಾಜೆಕ್ಟನ್ನು ನೋಡಬೇಕು. ನಗರದ ದಕ್ಷಿಣ ಭಾಗದ ಕುಟುಂಬಗಳು ತೆಗೆದ ಚಿತ್ರಗಳನ್ನು 2005ರಿಂದ ಅದು ಕಲೆಹಾಕಿ ಡಿಜಿಟಲ್ ರೂಪಕ್ಕೆ ತರುತ್ತಿದೆ, ಆ ಮನೆಯವರ ಮಾತುಗಳನ್ನೂ ದಾಖಲಿಸುತ್ತಿದೆ. ಕನ್ನಡ ಕೂಟಗಳೂ ಈ ಕ್ರಮ ಅನುಸರಿಸಬಹುದು. ಪ್ರತಿ ಟೇಪಿನ ಜೊತೆಗೆ ಯಾರು, ಎಲ್ಲಿ, ಯಾವಾಗ ಎಂಬುದನ್ನು ಹಿರಿಯರಿಂದ ಕೇಳಿ ಬರೆದಿಡಿ.

ಹೊರಕ್ಕೆ ಹೋಗುವ ಕಡತ, ಉಳಿಯುವ ಕಡತ

ಎಡಿಟಿಂಗ್ ಮುಗಿದ ಮೇಲೆ ಎರಡು ಕಡತ ಮಾಡಿ. ಕಾಯ್ದಿಡಲು ಪ್ರೋರೆಸ್ 422, ಹಂಚಲು ಎಚ್.264. ಸೆಕೆಂಡಿಗೆ 30 ಫ್ರೇಮಿನ 1080ಪಿ ವಿಡಿಯೊಕ್ಕೆ ಯೂಟ್ಯೂಬ್ 8 ಎಂಬಿಪಿಎಸ್ ಸೂಚಿಸುತ್ತದೆ. ನೃತ್ಯದಂಥ ಚಲನೆ ಹೆಚ್ಚಿರುವ ದೃಶ್ಯಗಳಿಗೆ 12ರಿಂದ 16 ಕೊಡಿ. ಚಲನಚಿತ್ರ ಗೀತೆಯ ನೃತ್ಯಗಳನ್ನು ಬೇರೆ ಬೇರೆ ವಿಡಿಯೊಗಳಾಗಿ ಏರಿಸಿ. ಒಂದು ಹಾಡಿನ ಮೇಲೆ ಹಕ್ಕುಸ್ವಾಮ್ಯದ ತಕರಾರು ಬಂದರೂ ಇಡೀ ಕಾರ್ಯಕ್ರಮದ ವಿಡಿಯೊ ನಿಲ್ಲಬಾರದು.

ಮೂಲ ಫೂಟೇಜು ಮತ್ತು ಅಂತಿಮ ಕಡತ ಮೂರು ಪ್ರತಿಗಳಲ್ಲಿರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಬೇರೆ ಮನೆಯಲ್ಲೋ ಕ್ಲೌಡಿನಲ್ಲೋ ಇರಲಿ. ಕೂಟಗಳಲ್ಲಿ ಕಾರ್ಯಕಾರಿ ಸಮಿತಿ ಬದಲಾಗುತ್ತಿರುತ್ತದೆ, ಹಿಂದಿನವರ ಲ್ಯಾಪ್‌ಟಾಪಿನಲ್ಲಿ ಉಳಿದದ್ದು ಮುಂದಿನವರಿಗೆ ಸಿಗುವುದಿಲ್ಲ. ಆದ್ದರಿಂದ ಡಿಸ್ಕುಗಳೂ ಖಾತೆಗಳೂ ಕೂಟದ ಹೆಸರಿನಲ್ಲಿರಬೇಕು. ಹೊಸ ಸಮಿತಿಗೆ ಲೆಕ್ಕಪತ್ರ ಒಪ್ಪಿಸುವ ದಿನವೇ ವಿಡಿಯೊ ಡಿಸ್ಕುಗಳನ್ನೂ ಪಟ್ಟಿ ಸಮೇತ ಒಪ್ಪಿಸುವುದು ನಿಯಮವಾಗಲಿ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳು ತಾವು ಕನ್ನಡದಲ್ಲಿ ಹಾಡಿದ್ದನ್ನು, ಅಜ್ಜಿ ತಾತಂದಿರು ವೇದಿಕೆಯಲ್ಲಿ ಮಾತನಾಡಿದ್ದನ್ನು ಮುಂದೆ ನೋಡಬೇಕಾದರೆ ಅದಕ್ಕೆ ಬೇಕಾದ ಶಿಸ್ತು ಇಷ್ಟೇ. ಮುಂದಿನ ಸಮಿತಿ ಸಭೆಯಲ್ಲಿ ವಿಡಿಯೊಗೆ ಒಬ್ಬ ಹೊಣೆಗಾರರನ್ನು ಹೆಸರಿಸಿ, ಎರಡು ಡಿಸ್ಕು ಕೊಳ್ಳಲು ಹಣ ಮಂಜೂರು ಮಾಡಿಸಿ.